ಗೇಲಿ ಮಾಡಿದರೆ ವಿಮರ್ಶೆಯಾದೀತೇ?

ಹೊಸ ತುಳು ಚಿತ್ರ ತೆರೆಕಂಡರೆ ಕದ್ರಿಯ ಹೋಟೆಲುಗಳಲ್ಲಿ ಚಹಾದ ಜೊತೆಗೆ ಚರ್ಚೆಯೂ ಬಿಸಿಯೇರುತ್ತದೆ. ಮೊಬೈಲಿನಲ್ಲಿ ಚಿತ್ರವನ್ನು ಗೇಲಿ ಮಾಡುತ್ತ ವಿಮರ್ಶಿಸುವವನದು ನ್ಯಾಯವೇ? 'ಇದ್ದದ್ದನ್ನೇ ಹೇಳಿದ' ಎನ್ನುವವರು ಒಂದು ಕಡೆ. 'ನಗುವಿಗಾಗಿ ಚಿತ್ರವನ್ನೇ ಬಲಿಕೊಟ್ಟ' ಎನ್ನುವವರು ಇನ್ನೊಂದು ಕಡೆ.

ನಗುತ್ತ ಕುಟುಕುವುದು ನಮಗೆ ಹೊಸತಲ್ಲ. ಯಕ್ಷಗಾನದ ಹಾಸ್ಯಗಾರನಿಗೆ ಅರಸನನ್ನೂ ಕೆಣಕುವ ಸಲುಗೆಯಿದೆ. ರಾಶಿ (ಡಾ. ಎಂ. ಶಿವರಾಂ) 1942ರಲ್ಲಿ ಆರಂಭಿಸಿದ 'ಕೊರವಂಜಿ' 1967ರವರೆಗೂ ನಗಿಸುತ್ತಲೇ ಸಮಾಜದ ಓರೆಕೋರೆಗಳನ್ನು ತೋರಿಸಿತು.

ಹಾಗಾದರೆ ಮಿತಿ ಯಾವುದು? 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಮು ಇದಕ್ಕೆ ಉತ್ತರ ಕೊಟ್ಟಿತ್ತು. ರಂಗಕ್ಕೆ ಬಂದ ನಟ ತನ್ನ ಅಭಿನಯವನ್ನು ಜನರ ತೀರ್ಪಿಗೆ ಒಪ್ಪಿಸಿದಂತೆ. ಅದರ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯ, ಕಟುವಾಗಿದ್ದರೂ ಮಾನಹಾನಿಯಲ್ಲ. ಕೃತಿಯಲ್ಲಿ ಕಂಡಷ್ಟರ ಮಟ್ಟಿಗೆ ಕರ್ತೃವಿನ ಗುಣವನ್ನೂ ಟೀಕಿಸಬಹುದು. ಅದರಾಚೆಗಿನ ಅವನ ನಡತೆಯನ್ನು ಎಳೆದು ತಂದರೆ ಈ ರಕ್ಷಣೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಇದೇ ವಿನಾಯಿತಿ ಮುಂದುವರಿದಿದೆ.

ಅಭಿಮಾನಿಗಳ ಅಳಲೂ ಸುಳ್ಳಲ್ಲ. 1971ರ 'ಎನ್ನ ತಂಗಡಿ'ಯಿಂದ ಆರಂಭವಾದ ತುಳು ಚಿತ್ರರಂಗದ ಮಾರುಕಟ್ಟೆ ಚಿಕ್ಕದು. ಮೊದಲ ವಾರ ಪ್ರೇಕ್ಷಕ ಬಾರದಿದ್ದರೆ ನಿರ್ಮಾಪಕ ಮುಳುಗಿದಂತೆಯೇ. ಆದರೆ 2011ರ 'ಒರಿಯರ್ದೊರಿ ಅಸಲ್'ನಂತಹ ಗೆಲುವು ಬಂದದ್ದೂ ಹಾಸ್ಯದಿಂದಲೇ. ಊರನ್ನೆಲ್ಲ ನಗಿಸುವವರು ತಮ್ಮ ಮೇಲಿನ ನಗುವನ್ನೂ ಸಹಿಸಬೇಕಲ್ಲವೇ?

ಹಾಸ್ಯ ಖಾರವಾಗಿತ್ತೇ ಎಂಬುದು ಮುಖ್ಯವಲ್ಲ. ನಕ್ಕದ್ದು ಚಿತ್ರವನ್ನೋ, ಮನುಷ್ಯನನ್ನೋ ಎಂದು ಕೇಳಿಕೊಂಡರೆ ಸಾಕು.