ಉಯಿಲಿನಲ್ಲಿ ಉಳಿದ ಬೇಗಂ

‘ನಮ್ಮ ಅಜ್ಜ ಮಿಲಿಟರಿಯಲ್ಲಿದ್ದರು’ ಎಂಬ ಮಾತನ್ನು ಅನೇಕ ಮನೆಗಳಲ್ಲಿ ಕೇಳುತ್ತೇವೆ. ಯಾವ ಪಡೆ, ಎಲ್ಲಿ ಹೋರಾಡಿದರು, ಅಜ್ಜಿಯ ಊರು ಯಾವುದು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಹುಡುಕಲು ಹೊರಟವರು ಮೊದಲು ನೋಡುವುದು ಸೇವಾ ದಾಖಲೆಗಳನ್ನು. ಅವು ಹುದ್ದೆ, ಬಡ್ತಿ, ಯುದ್ಧಗಳನ್ನು ಹೇಳಿ ಸುಮ್ಮನಾಗುತ್ತವೆ. ಮನುಷ್ಯ ಸಿಗುವುದು ಕುಟುಂಬದ ಕಾಗದಗಳಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯ ಸೇನಾಧಿಕಾರಿ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್‌ನ ಬದುಕು ಇದಕ್ಕೆ ಒಳ್ಳೆಯ ನಿದರ್ಶನ.

1764ರಲ್ಲಿ ಮದರಾಸಿನಲ್ಲಿ ಹುಟ್ಟಿದ ಈತನ ತಂದೆಯೂ ಕಂಪೆನಿಯ ಕರ್ನಲ್. ಮಲಸಹೋದರ ವಿಲಿಯಂ, ಟಿಪ್ಪು ಸುಲ್ತಾನರ ಪತ್ರಗಳನ್ನು 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದವನು. ಸರಕಾರಿ ಕಡತಗಳಲ್ಲಿ ಜೇಮ್ಸ್ ಹೈದರಾಬಾದಿನ ರೆಸಿಡೆಂಟ್. 1798ರಲ್ಲಿ ನಿಜಾಮರೊಂದಿಗೆ ಒಪ್ಪಂದ ಮಾಡಿಕೊಂಡು, ಅಲ್ಲಿ ಫ್ರೆಂಚ್ ಅಧಿಕಾರಿಗಳ ಕೈಯಲ್ಲಿದ್ದ ಪಡೆಯನ್ನು ವಿಸರ್ಜಿಸಿದವನು. ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿದ ಕಂಪೆನಿಯ ಸೇನೆಯ ಜೊತೆ ನಿಜಾಮರ ಪಡೆಯೂ ಇತ್ತು. 1799ರ ಮೇ 4ರಂದು ಟಿಪ್ಪು ಹುತಾತ್ಮರಾದರು. ಕಡತಗಳನ್ನು ಇಲ್ಲಿಗೇ ಮುಚ್ಚಿದರೆ ಕನ್ನಡಿಗರಾದ ನಮಗೆ ಈತ ಬರೀ ಶತ್ರುಪಕ್ಷದ ಚತುರ.

ಆದರೆ ಅಣ್ಣನಿಗೆ ಬರೆದ ಪತ್ರಗಳು ಬೇರೊಬ್ಬನನ್ನು ತೋರಿಸುತ್ತವೆ. ಈತ ಹೈದರಾಬಾದಿನ ಸಯ್ಯದ್ ಮನೆತನದ ಖೈರುನ್ನಿಸಾಳನ್ನು ಪ್ರೀತಿಸಿ, ಇಸ್ಲಾಮ್ ಸ್ವೀಕರಿಸಿ ನಿಕಾಹ್ ಮಾಡಿಕೊಂಡಿದ್ದ. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಬಗ್ಗೆ ವಿಚಾರಣೆಯನ್ನೇ ನಡೆಸಿದ. ಸಾಹಿಬ್ ಆಲಂ ಮತ್ತು ನೂರುನ್ನಿಸಾ ಎಂಬ ಇಬ್ಬರು ಮಕ್ಕಳಾದರು. ಭಾರತೀಯ ತಾಯಂದಿರ ಮಕ್ಕಳಿಗೆ ಕಂಪೆನಿಯ ನೌಕರಿಯ ಬಾಗಿಲು 1791ರಲ್ಲೇ ಮುಚ್ಚಿತ್ತು. 1805ರಲ್ಲಿ ಮಕ್ಕಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಹಡಗು ಹತ್ತುವ ಮುನ್ನ ಜಾರ್ಜ್ ಚಿನ್ನೆರಿ ಬರೆದ ಚಿತ್ರದಲ್ಲಿ ಅವರು ಹೈದರಾಬಾದಿನ ಉಡುಪಿನಲ್ಲೇ ಇದ್ದಾರೆ. ಅದೇ ಅಕ್ಟೋಬರ್ 15ರಂದು ತಂದೆ ಕಲ್ಕತ್ತಾದಲ್ಲಿ ತೀರಿಕೊಂಡ.

ಆತನ ಉಯಿಲಿನಲ್ಲಿ ಬೇಗಂಳ ಹೆಸರಿದೆ, ಆಕೆಯ ಮೇಲಿನ ಅಪಾರ ಪ್ರೀತಿಯ ಮಾತಿದೆ. ಆದರೆ ‘ಪತ್ನಿ’ ಎಂಬ ಪದವಿಲ್ಲ. ಮಕ್ಕಳನ್ನು ವಿವಾಹಬಾಹಿರ ಸಂತಾನವೆಂದೇ ಬರೆಯಲಾಗಿದೆ. ಆಂಗ್ಲ ಕಾನೂನು ಆ ನಿಕಾಹನ್ನು ಒಪ್ಪದು ಎಂಬ ಭಯದಿಂದ, ಮಕ್ಕಳ ಪಾಲು ಕೈತಪ್ಪದಿರಲೆಂದು ಹಾಗೆ ಬರೆದಿರಬಹುದೆಂದು ನಾವು ಭಾವಿಸುತ್ತೇವೆ. 1806ರಲ್ಲಿ ಲಂಡನ್ನಿನ ಚರ್ಚಿನಲ್ಲಿ ದೀಕ್ಷಾಸ್ನಾನವಾದಾಗ ಮಕ್ಕಳು ವಿಲಿಯಂ ಜಾರ್ಜ್, ಕ್ಯಾಥರಿನ್ ಅರೋರಾ ಆದರು. ತಾಯಿಯನ್ನು ಅವರು ಮತ್ತೆ ನೋಡಲಿಲ್ಲ. ಖೈರುನ್ನಿಸಾ 1813ರಲ್ಲಿ ನಿಧನಳಾದಳು. ಚರ್ಚಿನ ಪುಸ್ತಕವನ್ನಷ್ಟೇ ನೋಡಿದವರು ಆ ಹೆಸರುಗಳ ಹಿಂದೆ ಒಂದು ಹೈದರಾಬಾದಿ ಮನೆಯಿದೆ ಎಂದು ಊಹಿಸಲಾರರು.

ಬಹಳ ವರ್ಷಗಳ ನಂತರ, 1840ರ ದಶಕದಲ್ಲಿ, ಮಗಳು ಹೈದರಾಬಾದಿನಲ್ಲಿದ್ದ ಅಜ್ಜಿ ಶರಫುನ್ನಿಸಾರಿಗೆ ಪತ್ರ ಬರೆದಳು. ಅಜ್ಜಿಯ ಉತ್ತರ ಬಂತು. ಒಬ್ಬಳು ಇಂಗ್ಲಿಷಿನವಳು, ಮತ್ತೊಬ್ಬರು ಫಾರಸಿಯವರು. ಇಬ್ಬರಿಗೂ ಅನುವಾದಕರು ಬೇಕಾದರು. ಆದರೂ ರಕ್ತಸಂಬಂಧದ ಎಳೆ ಕಡಿದಿರಲಿಲ್ಲ.

ಈ ಕಾಗದಗಳು ಉಳಿದದ್ದು ಅವು ದೊಡ್ಡ ಅಧಿಕಾರಿಯ ಮನೆಯವಾದ್ದರಿಂದ. ಸಾಮಾನ್ಯ ಸಿಪಾಯಿಯ ಮನೆಯವು ಹಾಗೆ ಉಳಿಯುವುದಿಲ್ಲ. ಅವನ್ನು ನಾವೇ ಉಳಿಸಬೇಕು. ಹಳೆಯ ಪೆಟ್ಟಿಗೆಯ ನಿಕಾಹ್‌ನಾಮ, ಪಿಂಚಣಿಯ ಕಾಗದ, ಕಬರಸ್ಥಾನದ ಕಲ್ಲಿನ ಬರಹ, ಇವನ್ನು ಒಮ್ಮೆ ಓದಿ ಬರೆದಿಡೋಣ. ಅಜ್ಜನ ಹುದ್ದೆಯ ಜೊತೆ ಅಜ್ಜಿಯ ಹೆಸರನ್ನೂ ಬರೆಯೋಣ. ಸರಕಾರದ ಯಾವ ಕಡತವೂ ಆಕೆಯನ್ನು ನೆನಪಿಡುವುದಿಲ್ಲ.