ಕದ್ರಿ ಗೋಪಾಲನಾಥ್: ಸ್ಯಾಕ್ಸೋಫೋನಿಗೆ ಗಮಕ ಒಲಿಸಿದ ವಿದ್ವಾಂಸ

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ವಾದ್ಯ ಸ್ಯಾಕ್ಸೋಫೋನ್. ಮಿಲಿಟರಿ ಬ್ಯಾಂಡುಗಳಲ್ಲಿ ಬೆಳೆದು, ಅಮೆರಿಕದ ಜಾಝ್ ಮತ್ತು ಬ್ಲೂಸ್‌ಗೆ ದನಿಯಾದ ಈ ಹಿತ್ತಾಳೆಯ ಕೊಳವೆಯಲ್ಲಿ ಕರ್ನಾಟಕ ಸಂಗೀತದ ಪೂರ್ಣ ಕಛೇರಿ ನಡೆಸಬಹುದೆಂದು ತೋರಿಸಿದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್.

ನಾಗಸ್ವರದ ಮನೆ

ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಾದಕರು. ಮಗನ ಮೊದಲ ಗುರುವೂ ಅವರೇ. ಬಾಲಕ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಶಾಸ್ತ್ರೀಯ ಪಾಠವಾಯಿತು. ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯತ್ವ. ಗಾಯನ, ಮೃದಂಗ ಎರಡರಲ್ಲೂ ಪಳಗಿದ, ಜಾಝ್ ಕಲಾವಿದರ ಒಡನಾಟವೂ ಇದ್ದ ಗುರು ಸಿಕ್ಕಿದ್ದು ಈ ಶಿಷ್ಯನ ಭಾಗ್ಯ.

ಕೀಲಿ ಮತ್ತು ಗಮಕ

ಅವರ ಸಾಧನೆ ಎಷ್ಟು ಕಠಿಣವಾದದ್ದೆಂದು ತಿಳಿಯಲು ವಾದ್ಯದ ರಚನೆಯನ್ನೇ ನೋಡಬೇಕು. ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲಿರುತ್ತದೆ. ಅರ್ಧ ಮುಚ್ಚಿ, ಮೆಲ್ಲನೆ ತೆರೆದು, ಉಸಿರಿನ ಒತ್ತಡ ಬದಲಿಸಿ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳು, ಪ್ಯಾಡುಗಳು. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಹನ್ನೆರಡು ಸ್ಥಿರ ಸ್ವರಗಳ ಪಾಶ್ಚಾತ್ಯ ಸಂಗೀತಕ್ಕೆ ಅದು ಸಾಕು. ತೋಡಿ ರಾಗದ ಗಾಂಧಾರಕ್ಕೆ ಸಾಲದು. ಆ ಸ್ವರ ಒಂದೆಡೆ ನಿಲ್ಲುವುದೇ ಇಲ್ಲ, ಗಮಕ ಎನ್ನುವ ಅದರ ತೂಗಾಟದಲ್ಲೇ ರಾಗವಿದೆ.

ಬ್ಲೂಸ್ ವಾದಕರೂ ಇಂಥದೇ ತೊಡಕನ್ನು ತಮ್ಮ ದಾರಿಯಲ್ಲಿ ದಾಟಿದವರು. ಬಿ.ಬಿ. ಕಿಂಗ್, ಬಡ್ಡಿ ಗೈ ಎಲೆಕ್ಟ್ರಿಕ್ ಗಿಟಾರಿನ ತಂತಿಯನ್ನು ಪಕ್ಕಕ್ಕೆ ಜಗ್ಗಿ, ಮೆಟ್ಟುಗಳ ನಡುವೆ ಅಡಗಿದ್ದ ನೋವಿನ ಸ್ವರಗಳನ್ನು ಹೊರತೆಗೆದರು. ಗೋಪಾಲನಾಥರಿಗೆ ಜಗ್ಗಲು ತಂತಿಯಿರಲಿಲ್ಲ. ತುಟಿಯ ಬಿಗಿ, ಉಸಿರಿನ ಹದ, ಕೀಲಿಯನ್ನು ಪೂರ್ತಿ ಬಿಡದ ಬೆರಳು, ಇವನ್ನೇ ನಂಬಿ ಸುಮಾರು ಎರಡು ದಶಕ ಸಾಧನೆ ಮಾಡಿದರು. ವಾದ್ಯದ ಕೀಲಿ, ಪ್ಯಾಡುಗಳನ್ನೂ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. ವಿದೇಶಿ ವಾದ್ಯ ತಂದರೆಂಬುದು ದೊಡ್ಡದಲ್ಲ. ಪಿಟೀಲು ಎರಡು ಶತಮಾನಗಳ ಹಿಂದೆಯೇ ಬಂದಿತ್ತು. ಸಂಗೀತವನ್ನು ವಾದ್ಯಕ್ಕಾಗಿ ಸಡಿಲಗೊಳಿಸದೆ, ವಾದ್ಯವನ್ನೇ ಸಂಗೀತಕ್ಕೆ ಬಗ್ಗಿಸಿದ್ದು ಅವರ ಹಿರಿಮೆ.

ದೇಶ ವಿದೇಶ

1980ರ ಬೊಂಬಾಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರೊಡನೆ ನುಡಿಸಿದ್ದು ಹೊಸ ಬಾಗಿಲು ತೆರೆಯಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. ಅದೇ ವರ್ಷ ಕೆ. ಬಾಲಚಂದರ್ ನಿರ್ದೇಶನದ, ಎ.ಆರ್. ರೆಹಮಾನ್ ಸಂಗೀತದ ‘ಡ್ಯುಯೆಟ್’ ತಮಿಳು ಚಿತ್ರಕ್ಕೆ ನುಡಿಸಿದಾಗ, ಕಛೇರಿಗೆ ಎಂದೂ ಕಾಲಿಡದವರ ಮನೆಗೂ ಕಲ್ಯಾಣವಸಂತ ರಾಗ ತಲುಪಿತು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರೊಡನೆ ತಂದ ಆಲ್ಬಂ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಜಾಝ್ ಮತ್ತು ಕರ್ನಾಟಕ ಸಂಗೀತದ ಹೆಸರಿನಲ್ಲಿ ಬಂದ ಅನೇಕ ಬೆರಕೆಗಳಿಗಿಂತ ಅದು ಮೇಲು. ಅಲ್ಲಿ ಇಬ್ಬರೂ ತಮ್ಮ ನೆಲ ಬಿಟ್ಟುಕೊಡುವುದಿಲ್ಲ. 2004ರಲ್ಲಿ ಪದ್ಮಶ್ರೀ ಬಂತು.

ಪ್ರಭಾವ

ಪ್ರಶಸ್ತಿಗಳಿಗಿಂತ ದೊಡ್ಡ ಗುರುತು ಕರಾವಳಿಯ ದೇವಸ್ಥಾನಗಳಲ್ಲಿದೆ. ದಕ್ಷಿಣ ಕನ್ನಡ, ಉಡುಪಿಯ ಉತ್ಸವ ಮೆರವಣಿಗೆಗಳಲ್ಲಿ, ಮದುವೆ ಮಂಟಪಗಳಲ್ಲಿ ಇಂದು ಸ್ಯಾಕ್ಸೋಫೋನ್ ಮಂಗಳವಾದ್ಯವೇ ಆಗಿದೆ. ಈ ವಾದ್ಯ ಹಿಡಿದು ವೇದಿಕೆಗೆ ಬಂದ ಹೆಣ್ಣುಮಕ್ಕಳೂ ಇದ್ದಾರೆ. ಇದರಿಂದ ನಾಗಸ್ವರಕ್ಕೆ ಜಾಗ ಕಿರಿದಾಯಿತೆಂಬ ಕೊರಗನ್ನು ತಳ್ಳಿಹಾಕುವಂತಿಲ್ಲ. ಆದರೆ ಗೋಪಾಲನಾಥರ ಆಲಾಪನೆಯ ಬನಿ ಬಂದದ್ದು ತಂದೆಯ ನಾಗಸ್ವರದಿಂದಲೇ. ಆ ಮೂಲವನ್ನೂ ಉಳಿಸಿಕೊಳ್ಳುವುದು ಅವರ ಹಾದಿಯಲ್ಲಿ ನಡೆಯುವವರ ಹೊಣೆ. ಮಗ ಮಣಿಕಾಂತ್ ಕದ್ರಿ ಚಿತ್ರಸಂಗೀತ ನಿರ್ದೇಶಕರಾಗಿ ಬೇರೆ ದಾರಿ ಹಿಡಿದಿದ್ದಾರೆ.

ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಅವರನ್ನು ಸಿನಿಮಾದ ಮೂಲಕವಷ್ಟೇ ಬಲ್ಲವರು ಎ. ಕನ್ಯಾಕುಮಾರಿ ಅವರ ಪಿಟೀಲಿನೊಡನೆ ನಡೆದ ಒಂದು ಪೂರ್ಣ ಕಛೇರಿಯ ಧ್ವನಿಮುದ್ರಣವನ್ನು ಬಿಡುವು ಮಾಡಿಕೊಂಡು ಕೇಳಬೇಕು.