ಜಾದೂಗಾರರ ಗ್ರಂಥಸಂಗ್ರಹ

ಇಂದ್ರಜಾಲ ಕಲೆಯ ಇತಿಹಾಸವನ್ನು ಬರೆದವರಲ್ಲಿ ಜಾದೂಗಾರರೇ ಹೆಚ್ಚು. ಅದಕ್ಕೆ ಬೇಕಾದ ಹಳೆಯ ಪುಸ್ತಕ, ಹ್ಯಾಂಡ್‌ಬಿಲ್, ಭಿತ್ತಿಪತ್ರ, ಟಿಕೆಟ್, ಪತ್ರಗಳನ್ನು ಕೂಡಿಟ್ಟವರೂ ಬಹುಪಾಲು ಅವರೇ. ಜಾತ್ರೆಗಳಲ್ಲಿ, ಹೋಟೆಲುಗಳ ಹಜಾರಗಳಲ್ಲಿ ನಡೆದು ಮುಗಿಯುತ್ತಿದ್ದ ಈ ಕಲೆಯನ್ನು ವಿದ್ವಾಂಸರು ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. ಆಟ ಮುಗಿದ ಮರುದಿನ ಕಸಕ್ಕೆ ಹೋಗುವ ಕಾಗದದ ಬೆಲೆ ಆ ಕಸುಬಿನವರಿಗಷ್ಟೇ ಗೊತ್ತಿತ್ತು. ಆದರೆ ಈ ಸಂಗ್ರಹದ ಹಿಂದೆ ಜ್ಞಾನದಾಹದಷ್ಟೇ ಪೈಪೋಟಿಯೂ ಇತ್ತು. ಒಂದು ಆಟವನ್ನು ಮೊದಲು ಕಟ್ಟಿದವರು ಯಾರು ಎಂಬ ಜಗಳಕ್ಕೆ ತೇದಿಯಿರುವ ಹ್ಯಾಂಡ್‌ಬಿಲ್ಲಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಸಂಗ್ರಾಹಕರೆಲ್ಲ ಬೆನ್ನುಹತ್ತುವ ಗ್ರಂಥ 1584ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ರೆಜಿನಾಲ್ಡ್ ಸ್ಕಾಟ್‌ನ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’. ಸ್ಕಾಟ್ ಜಾದೂಗಾರನಲ್ಲ, ಕೆಂಟ್ ಪ್ರಾಂತದ ಒಬ್ಬ ಜಮೀನುದಾರ. ಮಾಟಗಾತಿಯರೆಂದು ಬಡ ಮುದುಕಿಯರನ್ನು ಗಲ್ಲಿಗೇರಿಸುವುದು ಅನ್ಯಾಯವೆಂದು ವಾದಿಸಲು ಹೊರಟವನು, ಪವಾಡವೆಂದು ಜನ ನಂಬಿದ್ದ ನಾಣ್ಯದ ಆಟ, ಎಲೆಯಾಟದ ಚಮತ್ಕಾರ, ತಲೆ ಕತ್ತರಿಸಿ ತಟ್ಟೆಯಲ್ಲಿಟ್ಟಂತೆ ತೋರಿಸುವ ತಂತ್ರ ಇವುಗಳ ಗುಟ್ಟನ್ನೂ ಬಿಡಿಸಿಟ್ಟ. ಮುಂದಿನ ಎಷ್ಟೋ ಕೈಪಿಡಿಗಳು ಅವನಿಂದಲೇ ಎತ್ತಿಕೊಂಡವು. ಇಡಿಯಾಗಿ ಜಾದೂವಿಗೇ ಮೀಸಲಾದ ಮೊದಲ ಇಂಗ್ಲಿಷ್ ಪುಸ್ತಕವೆಂದು ಹೆಸರಾದ ‘ಹೋಕಸ್ ಪೋಕಸ್ ಜೂನಿಯರ್’ ಬಂದದ್ದು 1634ರಲ್ಲಿ.

ಸಂಗ್ರಹದ ಹುಚ್ಚಿಗೆ ಹೆಸರಾದವನು ಹ್ಯಾರಿ ಹೌಡಿನಿ (1874–1926). ಬೇಡಿ, ಪೆಟ್ಟಿಗೆ, ಜೈಲುಕೋಣೆಗಳಿಂದ ತಪ್ಪಿಸಿಕೊಳ್ಳುವ ಆಟಗಳಿಂದ ಲೋಕಪ್ರಸಿದ್ಧನಾದ ಈತ ಪ್ರವಾಸ ಹೋದ ಊರುಗಳಲ್ಲೆಲ್ಲ ಹಳೆಯ ಪುಸ್ತಕದಂಗಡಿ, ನಿವೃತ್ತ ಜಾದೂಗಾರರ ಮನೆ, ಅವರು ತೀರಿಹೋಗಿದ್ದರೆ ಸಮಾಧಿಯನ್ನು ಹುಡುಕುತ್ತಿದ್ದ. 1903ರಲ್ಲಿ ಡ್ರೆಸ್ಡೆನ್ ಸಮೀಪ ವಿಲ್ಜಾಲ್ಬಾ ಫ್ರಿಕೆಲ್ ಎಂಬ ವೃದ್ಧ ಜಾದೂಗಾರನನ್ನು ಕಾಣಲು ಹೋದ. ಅತಿಥಿಗೆ ತೋರಿಸಲೆಂದು ತನ್ನ ನೆನಪಿನ ವಸ್ತುಗಳನ್ನೆಲ್ಲ ತೆಗೆದಿರಿಸಿದ್ದ ಮುದುಕ ಅವನು ತಲಪುವ ಮುನ್ನ ಕಣ್ಣುಮುಚ್ಚಿದ್ದನೆಂದು ಹೌಡಿನಿಯೇ ಬರೆದಿದ್ದಾನೆ. ಮರುವರ್ಷ ಲಂಡನ್ನಿನಲ್ಲಿ ಹೆನ್ರಿ ಎವಾನಿಯನ್ ಸಿಕ್ಕಿದ. ಒಂದು ಕಾಲಕ್ಕೆ ರಾಜಮನೆತನದವರ ಮುಂದೆ ಆಡಿದ್ದ ಈ ಜಾದೂಗಾರ ಆಗ ಬಡತನದಲ್ಲಿದ್ದ. ಜೀವನವಿಡೀ ಕೂಡಿಟ್ಟ ಹ್ಯಾಂಡ್‌ಬಿಲ್ಲುಗಳಲ್ಲಿ ದೊಡ್ಡ ಪಾಲನ್ನು 1895ರಲ್ಲೇ ಬ್ರಿಟಿಷ್ ಮ್ಯೂಸಿಯಂಗೆ ಮಾರಿದ್ದ. ಹೌಡಿನಿಯನ್ನು ಕಾಣಲು ಬಂದಾಗ, ಮಾಸಿದ ಬಟ್ಟೆಯ ಮುದುಕನೆಂದು ಹೋಟೆಲಿನವರು ಅವನನ್ನು ಕೆಳಗೇ ಗಂಟೆಗಟ್ಟಲೆ ಕಾಯಿಸಿದ್ದರು. ಅವನ ಕೈಯ ಗಂಟು ಬಿಚ್ಚಿದಾಗ ಹೌಡಿನಿ ಬೆರಗಾದ. ಎವಾನಿಯನ್ 1905ರಲ್ಲಿ ತೀರಿಕೊಂಡ.

ಈ ಕಾಗದಗಳ ಬಲದ ಮೇಲೆ ಹುಟ್ಟಿದ್ದು 1908ರ ‘ದಿ ಅನ್‌ಮಾಸ್ಕಿಂಗ್ ಆಫ್ ರಾಬರ್ಟ್-ಹೌಡಿನ್’. ಗಡಿಯಾರದ ಕಸುಬಿನಿಂದ ಬಂದು ಪ್ಯಾರಿಸ್ಸಿನಲ್ಲಿ ಆಧುನಿಕ ಜಾದೂವಿನ ಪಿತಾಮಹನೆನಿಸಿಕೊಂಡ ರಾಬರ್ಟ್-ಹೌಡಿನ್‌ನ (1805–1871) ಆತ್ಮಕಥೆಯನ್ನು ಬಾಲ್ಯದಲ್ಲಿ ಓದಿ ಮರುಳಾಗಿದ್ದ ಹೌಡಿನಿ ತನ್ನ ಹೆಸರನ್ನೇ ಅವನಿಂದ ಪಡೆದಿದ್ದ. ಈಗ ಅದೇ ಗುರುವನ್ನು ಕಳ್ಳನೆಂದು ಜರೆದ. ಅವನು ತನ್ನದೆಂದ ಕಿತ್ತಳೆಗಿಡದ ಆಟಕ್ಕೆ ಹಿಂದಿನ ಶತಮಾನದ ಲಂಡನ್ ಜಾತ್ರೆಗಳಲ್ಲಿ ಐಸಾಕ್ ಫಾಕ್ಸ್ ತೋರಿಸುತ್ತಿದ್ದ ಸೇಬಿನ ಗಿಡವೇ ಮೂಲವೆಂದು ವಾದಿಸಿದ. ರಾಬರ್ಟ್-ಹೌಡಿನ್ ಈಥರ್ ಮೂಸಿಸಿ ಮಗನನ್ನು ಗಾಳಿಯಲ್ಲಿ ತೇಲಿಸಿದೆನೆಂದ 1847ರ ಆಟದ ಹಿಂದೆ ನಮ್ಮ ಕಡೆಯ ನಂಟೂ ಇದೆ. 1830ರ ಸುಮಾರಿಗೆ ಮದರಾಸಿನಲ್ಲಿ ಶೇಷಾಲ್ ಎಂದು ದಾಖಲಾಗಿರುವ ಬ್ರಾಹ್ಮಣನೊಬ್ಬ ಕೋಲಿನ ಮೇಲೆ ಕೈಯಿಟ್ಟು ನೆಲಬಿಟ್ಟು ಕೂತಂತೆ ತೋರುತ್ತಿದ್ದ.

ಹೌಡಿನಿಯ ದಾಖಲೆಗಳು ಗಟ್ಟಿ, ತೀರ್ಪು ಮಾತ್ರ ಹಗೆಯದು. ಹಳೆಯ ಆಟವನ್ನು ಹೊಸದಾಗಿ ಕಟ್ಟುವುದು ಈ ಕಸುಬಿನಲ್ಲಿ ಕಳವಲ್ಲ. ಹಾಗೆ ನೋಡಿದರೆ ಹೌಡಿನಿಯೂ ಉಳಿಯುವುದಿಲ್ಲ. ಸೂಜಿಗಳನ್ನು ನುಂಗಿ ದಾರಕ್ಕೆ ಪೋಣಿಸಿ ಹೊರತೆಗೆಯುತ್ತಿದ್ದ ತನ್ನ ಹೆಸರಾಂತ ಆಟವನ್ನು ಅವನೇ ‘ಈಸ್ಟ್ ಇಂಡಿಯನ್’ ಎಂದು ಕರೆದಿದ್ದ. ಫ್ರೆಂಚ್ ಲೇಖಕ ಮೋರಿಸ್ ಸಾರ್ಡಿನಾ 1940ರ ದಶಕದಲ್ಲಿ ಅವನ ತಪ್ಪುಗಳನ್ನೇ ಪಟ್ಟಿಮಾಡಿ ಪುಸ್ತಕ ಬರೆದ. ಆದರೂ ಮುಂದಿನ ಸಂಶೋಧಕರು ಮತ್ತೆ ಮತ್ತೆ ತಿರುವಿಹಾಕುವುದು ಹೌಡಿನಿ ಅಚ್ಚುಮಾಡಿದ ಹ್ಯಾಂಡ್‌ಬಿಲ್ಲುಗಳನ್ನೇ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಅವನ ಮನೆ ಪುಸ್ತಕಗಳಿಂದ ತುಂಬಿಹೋಗಿತ್ತು. ಆಲ್ಫ್ರೆಡ್ ಬೆಕ್ಸ್ ಎಂಬ ಗ್ರಂಥಪಾಲಕನನ್ನೇ ನೇಮಿಸಿಕೊಂಡಿದ್ದ. ಪ್ರೇತಗಳೊಡನೆ ಮಾತಾಡುತ್ತೇವೆಂದು ಹೇಳಿಕೊಳ್ಳುವವರ ವಂಚನೆಯನ್ನು ಬಯಲುಮಾಡುವ ಹೋರಾಟಕ್ಕೂ ಈ ಗ್ರಂಥಾಲಯವೇ ಅವನಿಗೆ ಆಯುಧಾಗಾರ. ಅವನ ಉಯಿಲಿನಂತೆ 1927ರಲ್ಲಿ 3,988 ಸಂಪುಟಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ರಂಗಭೂಮಿಗೆ ಸಂಬಂಧಿಸಿದ ಭಾಗ ಮುಂದೆ ಕೈಬದಲಾಗಿ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋಯಿತು.

ಉಳಿದ ಸಂಗ್ರಹಗಳ ಪಾಡು ಬಗೆಬಗೆ. ‘ದಿ ಸ್ಫಿಂಕ್ಸ್’ ಪತ್ರಿಕೆಯ ಸಂಪಾದಕನೂ, ಅಮೆರಿಕದ ಗೂಢಚಾರ ಸಂಸ್ಥೆಗೆ ಕೈಚಳಕದ ಕೈಪಿಡಿ ಬರೆದುಕೊಟ್ಟವನೂ ಆದ ಜಾನ್ ಮುಲ್ಹೋಲೆಂಡ್‌ನ (1898–1970) ಗ್ರಂಥಾಲಯವನ್ನು ಒಬ್ಬ ಬ್ಯಾಂಕರ್ ಕೊಂಡ; ಬ್ಯಾಂಕು ಮುಳುಗಿದ ಮೇಲೆ ಅದು ಮಾರಾಟಕ್ಕೆ ಬಂತು. 1991ರಲ್ಲಿ ಅದನ್ನು ಜಾದೂಗಾರ ಡೇವಿಡ್ ಕಾಪರ್‌ಫೀಲ್ಡ್ 22 ಲಕ್ಷ ಡಾಲರ್ ಕೊಟ್ಟು ಪಡೆದ. ಲಾಸ್ ವೇಗಸ್‌ನಲ್ಲಿರುವ ಅವನ ಖಾಸಗಿ ಸಂಗ್ರಹಾಲಯಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಹಾಗಾಗಿ, ಹೌಡಿನಿಯ ಪುಸ್ತಕಗಳನ್ನು ಯಾವ ವಿದ್ಯಾರ್ಥಿಯಾದರೂ ಕೇಳಿ ಪಡೆಯಬಹುದು. ಮುಲ್ಹೋಲೆಂಡ್‌ನದಕ್ಕೆ ಆಹ್ವಾನ ಬೇಕು.

ಅದೇ ಗ್ರಂಥಾಲಯದ ಕ್ಯುರೇಟರ್ ಆಗಿದ್ದ ರಿಕಿ ಜೇ (1946–2018) ಹೌಡಿನಿಗಿಂತ ಉತ್ತಮ ಬರಹಗಾರ. ಇಸ್ಪೀಟಿನಲ್ಲಿ ಅದ್ಭುತ ಕೈಚಳಕದ ಈತನ 1986ರ ‘ಲರ್ನೆಡ್ ಪಿಗ್ಸ್ ಅಂಡ್ ಫೈರ್‌ಪ್ರೂಫ್ ವಿಮೆನ್’ ಲೆಕ್ಕಹೇಳುವ ಹಂದಿಗಳಿಂದ ಹಿಡಿದು ಬೆಂಕಿಗೆ ಜಗ್ಗದ ಹೆಂಗಸರವರೆಗೆ ಎಲ್ಲರೂ ಮರೆತ ಪ್ರದರ್ಶಕರ ಚರಿತ್ರೆ. ಕೈಕಾಲುಗಳು ಬೆಳೆಯದೆ 1674ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮಥಿಯಾಸ್ ಬುಕಿಂಗರ್ ಜಾದೂ ಮಾಡುತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಬರೆಯುತ್ತಿದ್ದ. ತನ್ನದೇ ಚಿತ್ರದ ಗುಂಗುರು ಕೂದಲಿನೊಳಗೆ ಬೈಬಲಿನ ಕೀರ್ತನೆಗಳನ್ನು ಅಡಗಿಸಿದ್ದ. ಅವನ ಕೃತಿಗಳನ್ನು ಜೇ ವರ್ಷಗಟ್ಟಲೆ ಹುಡುಕಿ ಕೂಡಿಸಿದ. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವುಗಳ ಪ್ರದರ್ಶನ ಏರ್ಪಡಿಸಿತು. ಜೇ ತೀರಿಕೊಂಡ ಮೇಲೆ, 2021ರಲ್ಲಿ, ಅವನ ಸಂಗ್ರಹವನ್ನು ಸಾದ್‌ಬೀಸ್ ಸಂಸ್ಥೆ ಬಿಡಿಬಿಡಿಯಾಗಿ ಹರಾಜು ಹಾಕಿತು.